ಮುಂಬೈಯಲ್ಲಿ ಇಬ್ಬರ ಒಂದು ದಿನ: ಮಾಟುಂಗಾದ ತಿಂಡಿ, ಮ್ಯೂಸಿಯಂನ ಐಹೊಳೆ, ರಾಮ ನಾಯಕರ ಎಲೆ ಊಟ

ಮುಂಬೈಗೆ ಒಂದೇ ದಿನ ಸಿಕ್ಕರೆ ಏನು ನೋಡಬೇಕು, ಎಲ್ಲಿ ತಿನ್ನಬೇಕು ಅಂತ ಕೇಳುವವರು ತುಂಬ ಜನ ಇದ್ದಾರೆ. ಸಂಬಂಧಿಕರ ಮದುವೆ ಮುಗಿಸಿಕೊಂಡು ನಾನು ಮತ್ತು ನಮ್ಮ ಮನೆಯವರು ಒಂದು ಶನಿವಾರ ಪೂರ್ತಿ ಸುತ್ತಿದೆವು, ಸಯಾನ್‌ನಲ್ಲಿರುವ ದೊಡ್ಡಮ್ಮನ ಮಗಳ ಮನೆಯಿಂದ ಹೊರಟು ರಾತ್ರಿ ಅಲ್ಲಿಗೇ ವಾಪಸ್. ಅದರ ಅನುಭವ ಇಲ್ಲಿ ಬರೆಯುತ್ತಿದ್ದೇನೆ. ನಾವು ದಾವಣಗೆರೆಯವರು, ಇಬ್ಬರೂ ಸಸ್ಯಾಹಾರಿಗಳು. ಹಾಗಾಗಿ ಮೀನೂಟ, ಕಬಾಬ್ ಬಗ್ಗೆ ಹುಡುಕುತ್ತಿರುವವರಿಗೆ ಇದರಲ್ಲಿ ಏನೂ ಸಿಗುವುದಿಲ್ಲ.

ಹೊರಡುವ ಮುಂಚೆ ಎಲ್ಲರೂ ಒಂದೊಂದು ಹೆಸರು ಹೇಳಿದರು. ಎಲಿಫೆಂಟಾ, ಸಿದ್ಧಿವಿನಾಯಕ, ಹಾಜಿ ಅಲಿ, ಜುಹು ಬೀಚ್, ಬಾಂದ್ರಾದಲ್ಲಿ ಸಿನಿಮಾದವರ ಮನೆ. ಇವೆಲ್ಲ ಒಂದೇ ದಿನಕ್ಕೆ ಇಟ್ಟುಕೊಂಡರೆ ನೀವು ನೋಡುವುದು ಟ್ರಾಫಿಕ್ ಮಾತ್ರ. ಎಲಿಫೆಂಟಾ ಒಂದಕ್ಕೇ ಗೇಟ್‌ವೇಯಿಂದ ದೋಣಿಯಲ್ಲಿ ಹೋಗಲು ಒಂದು ಗಂಟೆ ಬೇಕು, ಬರಲು ಒಂದು ಗಂಟೆ, ಮೇಲೆ ಮೆಟ್ಟಿಲು ಹತ್ತಬೇಕು. ಅದಕ್ಕೆ ಬೇರೆ ದಿನವೇ ಇಟ್ಟುಕೊಳ್ಳಿ, ಸೋಮವಾರ ಮಾತ್ರ ಬೇಡ, ಅವತ್ತು ಗುಹೆಗಳಿಗೆ ರಜೆ. ಜುಹು ಇನ್ನೊಂದು ದಿಕ್ಕು. ನಾವು ಗಟ್ಟಿ ಮನಸ್ಸು ಮಾಡಿ ಅದೆಲ್ಲ ಬಿಟ್ಟೆವು. ಮಾಟುಂಗಾ, ಫೋರ್ಟ್ ಅನ್ನುವ ಹಳೇ ಬಡಾವಣೆ, ಮರೀನ್ ಡ್ರೈವ್, ಇಷ್ಟೇ. ಇಷ್ಟಕ್ಕೇ ದಿನ ತುಂಬಿ ಹೋಯಿತು. ಯಾರು ಕೇಳಿದರೂ ನಾನು ಹೇಳುವುದು ಇದನ್ನೇ, ಅದರಲ್ಲೂ ಕನ್ನಡದವರಾದರೆ ಮಾಟುಂಗಾದಿಂದಲೇ ಶುರು ಮಾಡಿ.

ಬೆಳಿಗ್ಗೆ ಏಳಕ್ಕೆಲ್ಲ ಮಾಟುಂಗಾ ಪೂರ್ವದಲ್ಲಿದ್ದೆವು. ಆಟೋ ಹಿಡಿಯೋಣ ಅಂದುಕೊಳ್ಳಬೇಡಿ, ಸಯಾನ್, ಮಾಹಿಮ್ ದಾಟಿ ದಕ್ಷಿಣಕ್ಕೆ ಆಟೋ ಬರುವುದೇ ಇಲ್ಲ. ಕಪ್ಪು ಹಳದಿ ಟ್ಯಾಕ್ಸಿ ಅಥವಾ ಬಸ್ಸು. ತಿಂಡಿಗೆ ಸ್ಟೇಷನ್ ಹತ್ತಿರದ ರಾಮ್ ಆಶ್ರಯಕ್ಕೆ ಹೋದೆವು. 1939ರಿಂದ ಇದೆ. ಅಷ್ಟು ಹೊತ್ತಿಗೇ ಬಾಗಿಲ ಮುಂದೆ ಜನ ನಿಂತಿದ್ದರು, ಆದರೆ ಸಾಲು ಬೇಗ ಸರಿಯುತ್ತದೆ, ಯಾಕೆಂದರೆ ಇಲ್ಲಿ ಕೂತು ಹರಟೆ ಹೊಡೆಯುವವರು ಯಾರೂ ಇಲ್ಲ. ತಿಂದರು, ಎದ್ದರು, ಹೊರಟರು. ಟೇಬಲ್ಲನ್ನು ಗೊತ್ತಿಲ್ಲದವರ ಜೊತೆ ಹಂಚಿಕೊಳ್ಳಬೇಕು. ಹೊಸದಾಗಿ ಮದುವೆಯಾದವರು ಇಬ್ಬರೇ ಕೂತು ಮಾತಾಡಬೇಕು ಅಂತಿದ್ದರೆ ಅದು ಇಲ್ಲಿ ಆಗುವುದಿಲ್ಲ. ಇಡ್ಲಿ ಮೆತ್ತಗಿತ್ತು, ಉಪ್ಪಿಟ್ಟು ಹದವಾಗಿತ್ತು, ಮೇಲೆ ಹಸಿ ತೆಂಗಿನಕಾಯಿ ಚಟ್ನಿ. ಅನಾನಸ್ ಕೇಸರಿಬಾತ್ ಹೆಸರು ಇಲ್ಲಿ ದೊಡ್ಡದು, ಶೀರಾ ಅಂತ ಕೇಳಬೇಕು. ಬಿಸಿ ಬಿಸಿಯಾಗಿ, ತುಪ್ಪ ಬಿಟ್ಟುಕೊಳ್ಳುತ್ತಾ ಬಂತು. ಹಣ್ಣಿನ ಹುಳಿ ಇರುವುದರಿಂದ ಸಿಹಿ ಮುಖಕ್ಕೆ ಹೊಡೆಯುವುದಿಲ್ಲ. ಇವರು ಎರಡನೇ ಪ್ಲೇಟ್ ಹೇಳಿದರು, ನಾನು ತಡೆಯಲಿಲ್ಲ. ಫಿಲ್ಟರ್ ಕಾಫಿ ಗಟ್ಟಿಯಾಗಿ, ನಮ್ಮ ಕಡೆ ಕುಡಿದ ಹಾಗೇ ಇತ್ತು.

ಬಡಿಸುತ್ತಿದ್ದವರಿಗೆ ನಮ್ಮ ಮಾತು ಕೇಳಿಸಿತು ಅಂತ ಕಾಣುತ್ತೆ. "ಯಾವ ಊರು ನಿಮ್ಮದು?" ಅಂದರು. ದಾವಣಗೆರೆ ಅಂದೆ. "ಓ, ಬೆಣ್ಣೆ ದೋಸೆ ಊರಿನವರು! ನಿಮಗೆ ದೋಸೆ ಬಗ್ಗೆ ನಾನೆಂತ ಹೇಳುದು ಮಾರಾಯ್ರೆ" ಅಂತ ನಕ್ಕು ಮುಂದಿನ ಟೇಬಲ್ಲಿಗೆ ಹೋದರು. ಮಾಟುಂಗಾದ ಹೋಟೆಲುಗಳಲ್ಲಿ ಇದು ಸಾಮಾನ್ಯ. ಉಡುಪಿ, ಕುಂದಾಪುರ, ಕಾರ್ಕಳ ಕಡೆಯಿಂದ ಬಂದವರು ಕಟ್ಟಿದ ಹೋಟೆಲುಗಳಿವು. ತುಳು, ಕೊಂಕಣಿ, ಕನ್ನಡ ಮೂರೂ ಕಿವಿಗೆ ಬೀಳುತ್ತವೆ. ಕಿಂಗ್ಸ್ ಸರ್ಕಲ್ ಕಡೆ ಹೋದರೆ ಕೆಫೆ ಮದ್ರಾಸ್ ಇದೆ, ಅದು 1940ರದ್ದು. ಕೆಫೆ ಮೈಸೂರು ಇನ್ನೂ ಹಳೆಯದು, 1936ರಲ್ಲಿ ಶುರುವಾಗಿದ್ದು. ಒಂದೇ ಬೆಳಿಗ್ಗೆ ಎಲ್ಲ ಕಡೆ ತಿನ್ನಲು ಹೊಟ್ಟೆಯಲ್ಲಿ ಜಾಗ ಬೇಕಲ್ವಾ? ಆ ಎರಡರ ರುಚಿ ನಾನು ನೋಡಿಲ್ಲ, ಅದಕ್ಕೆ ಅದರ ಬಗ್ಗೆ ಬರೆಯುವುದಿಲ್ಲ.

ತಿಂಡಿ ಆದ ಮೇಲೆ ಸುಮ್ನೆ ಅರ್ಧ ಗಂಟೆ ನಡೆಯಿರಿ. ಹೂವಿನ ಅಂಗಡಿಗಳ ಸಾಲಿನಲ್ಲಿ ಮಲ್ಲಿಗೆ, ಕನಕಾಂಬರ, ತುಳಸಿ ಮಾಲೆ ಎಲ್ಲ ಸಿಗುತ್ತದೆ. ನಾನು ಒಂದು ಮೊಳ ಮಲ್ಲಿಗೆ ತೆಗೆದುಕೊಂಡು ಮುಡಿದೆ, ಸಂಜೆವರೆಗೂ ಬಾಡಲಿಲ್ಲ. ಬಾಳೆ ಎಲೆ, ಕಾಫಿ ಪುಡಿ, ಹಪ್ಪಳ ಮಾರುವ ಅಂಗಡಿಗಳೂ ಇದೇ ಸುತ್ತಿನಲ್ಲಿ. ಭಾವು ದಾಜಿ ರಸ್ತೆಯಲ್ಲಿ ಮೈಸೂರು ಅಸೋಸಿಯೇಷನ್ ಕಟ್ಟಡ ಇದೆ, 1926ರಿಂದ ಮುಂಬೈ ಕನ್ನಡಿಗರ ಸಂಸ್ಥೆ, ಕನ್ನಡ ನಾಟಕ, ಉಪನ್ಯಾಸ ನಡೆಯುವ ಜಾಗ. ನಾವು ಹೊರಗಿನಿಂದಲೇ ನೋಡಿಕೊಂಡು ಹೋದೆವು. ಊರು ಬಿಟ್ಟು ಇಷ್ಟು ದೂರ ಬಂದು, ದಿನವಿಡೀ ದುಡಿದು, ಅದರ ಮೇಲೆ ನಾಟಕಕ್ಕೂ ಒಂದು ಜಾಗ ಕಟ್ಟಿಕೊಂಡರಲ್ಲ ಅಂತ ನನಗೆ ನಿಜವಾಗಿ ಹೆಮ್ಮೆ ಆಯಿತು.

ಮಾಟುಂಗಾ ಸ್ಟೇಷನ್ ಬಗ್ಗೆಯೂ ಹೇಳಬೇಕು. 2017ರಿಂದ ಈ ನಿಲ್ದಾಣವನ್ನು ಪೂರ್ತಿ ಹೆಂಗಸರೇ ನಡೆಸುತ್ತಿದ್ದಾರೆ, ದೇಶದಲ್ಲಿ ಹೀಗೆ ಮಾಡಿದ ಮೊದಲ ನಿಲ್ದಾಣ ಇದೇ. ಇಲ್ಲಿಂದ ಸೆಂಟ್ರಲ್ ಲೈನಿನ ಸ್ಲೋ ಲೋಕಲ್, ಅಂದರೆ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಗಾಡಿ ಹತ್ತಿದರೆ ದಾದರ್, ಪರೇಲ್, ಭಾಯ್‌ಖಳಾ ದಾಟಿ ಸೀದಾ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಹಳೇ ಹೆಸರು ವಿಕ್ಟೋರಿಯಾ ಟರ್ಮಿನಸ್). ಸೆಕೆಂಡ್ ಕ್ಲಾಸ್ ಟಿಕೆಟ್ ಹತ್ತು ರೂಪಾಯಿ ದಾಟುವುದಿಲ್ಲ. ಇದೇ ದಾರಿಗೆ ಟ್ಯಾಕ್ಸಿ ಮಾಡಿದರೆ ದುಡ್ಡೂ ಹೆಚ್ಚು, ಸಮಯವೂ ಹೆಚ್ಚು. ವಾರದ ದಿನಗಳಲ್ಲಿ ಬೆಳಿಗ್ಗೆ ಎಂಟರಿಂದ ಹತ್ತೂವರೆ ತನಕ ಆ ಕಡೆ ಹೋಗುವ ಗಾಡಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಶನಿವಾರ ಪರವಾಗಿಲ್ಲ. ಭಾನುವಾರ ಬೇಡ, ಅವತ್ತು ಹಳಿ ರಿಪೇರಿಗೆ ಅಂತ ಮೆಗಾ ಬ್ಲಾಕ್ ಇಡುತ್ತಾರೆ, ಗಾಡಿಗಳು ಕಡಿಮೆ. ಗಂಡ ಹೆಂಡತಿ ಒಟ್ಟಿಗೆ ಹೋಗಬೇಕಾದರೆ ಜನರಲ್ ಡಬ್ಬಿ ಹತ್ತಿ. ರಶ್ ಕಂಡರೆ ಹೆಂಗಸರು ಲೇಡೀಸ್ ಡಬ್ಬಿಗೆ ಹೋಗಿ, ಯಾವ ಸ್ಟೇಷನ್ನಿನಲ್ಲಿ ಇಳಿಯುವುದು, ಎಲ್ಲಿ ಕಾಯುವುದು ಅಂತ ಮೊದಲೇ ಮಾತಾಡಿಕೊಂಡರೆ ಸಾಕು.

ಸಿಎಸ್‌ಎಂಟಿಯಲ್ಲಿ ಇಳಿದ ತಕ್ಷಣ ಹೊರಗೆ ಓಡಬೇಡಿ. ಲೋಕಲ್ ಟಿಕೆಟ್ ಕೊಡುವ ಹಾಲ್ ಒಳಗೆ ನಿಂತು ತಲೆ ಎತ್ತಿ ನೋಡಿ. ಆ ಕಂಬಗಳು, ಕಮಾನು, ಕಲ್ಲಿನ ಕೆತ್ತನೆ ಎಲ್ಲ ನೋಡುತ್ತಾ ನಿಂತರೆ ಸುತ್ತ ಸಾವಿರಾರು ಜನ ಕೆಲಸಕ್ಕೆ ಓಡುತ್ತಿರುತ್ತಾರೆ. ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ಅನ್ನುವವರು ಇದರ ವಿನ್ಯಾಸ ಮಾಡಿದ್ದು, ಕೆಲಸ 1878ರಲ್ಲಿ ಶುರುವಾಗಿ ಹತ್ತು ವರ್ಷ ಹಿಡಿಯಿತು. 2004ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಹೊರಗೆ ಗೇಟಿನ ಎರಡು ಕಂಬಗಳ ಮೇಲೆ ಒಂದು ಕಡೆ ಸಿಂಹ, ಒಂದು ಕಡೆ ಹುಲಿ ಕೂತಿವೆ. ಸಿಂಹ ಬ್ರಿಟನ್, ಹುಲಿ ಭಾರತ. ಎದುರಿಗಿರುವ ಮಹಾನಗರಪಾಲಿಕೆ ಕಟ್ಟಡವೂ ಸ್ಟೀವನ್ಸ್ ಅವರದ್ದೇ. ಪೂರ್ತಿ ಫೋಟೊ ಬೇಕಾದರೆ ರಸ್ತೆ ದಾಟಿ ಆ ಕಡೆಯಿಂದ ತೆಗೆಯಬೇಕು.

ಅಲ್ಲಿಂದ ಡಿ.ಎನ್. ರಸ್ತೆಯಲ್ಲಿ ಅಂಗಡಿಗಳ ಕಮಾನಿನ ಕೆಳಗೇ ನೆರಳಲ್ಲಿ ನಡೆದುಕೊಂಡು ಫ್ಲೋರಾ ಫೌಂಟನ್ ತನಕ ಹೋದೆವು. ಕಾರಂಜಿ ಚೆನ್ನಾಗಿದೆ, ಪಕ್ಕದಲ್ಲೇ ಮರಾಠಿ ಮಾತಾಡುವವರ ರಾಜ್ಯಕ್ಕಾಗಿ ನಡೆದ ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಪ್ರಾಣ ಕೊಟ್ಟವರ ಸ್ಮಾರಕ ಇದೆ. ಆಮೇಲೆ ಓವಲ್ ಮೈದಾನ. ಮೈದಾನದ ಒಂದು ಕಡೆ ಹೈಕೋರ್ಟ್, ವಿಶ್ವವಿದ್ಯಾಲಯ, 1878ರ ರಾಜಾಬಾಯಿ ಗಡಿಯಾರ ಗೋಪುರ, ಎಲ್ಲ ಚೂಪು ಚೂಪಾದ ಕಲ್ಲು ಕಟ್ಟಡಗಳು. ಇನ್ನೊಂದು ಕಡೆ 1930ರ ದಶಕದ ಆರ್ಟ್ ಡೆಕೊ ಮನೆಗಳು, ಗುಂಡಗಿನ ಬಾಲ್ಕನಿ, ತಿಳಿ ಬಣ್ಣ. ಎರಡೂ ಸೇರಿಸಿ 2018ರಲ್ಲಿ ಯುನೆಸ್ಕೊ ಗುರುತಿಸಿತು. ನಡುವೆ ಹುಡುಗರು ಎಷ್ಟೋ ಟೀಮ್ ಮಾಡಿಕೊಂಡು ಕ್ರಿಕೆಟ್ ಆಡುತ್ತಿದ್ದರು, ಯಾರ ಬಾಲ್ ಯಾರ ಪಿಚ್ಚಿಗೆ ಹೋಯಿತು ಅಂತ ಅವರಿಗೆ ಮಾತ್ರ ಗೊತ್ತು. ನಮ್ಮ ಮನೆಯವರನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟ ಆಯಿತು.

ಈಗ ಮ್ಯೂಸಿಯಂ. ಛತ್ರಪತಿ ಶಿವಾಜಿ ಮಹಾರಾಜ್ ವಾಸ್ತು ಸಂಗ್ರಹಾಲಯ, ಹಳಬರು ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಅನ್ನುತ್ತಾರೆ. ದಿನದಲ್ಲಿ ಒಂದೇ ಜಾಗಕ್ಕೆ ದುಡ್ಡು ಕೊಟ್ಟು ಒಳಗೆ ಹೋಗುವುದಾದರೆ ಇದಕ್ಕೇ ಹೋಗಿ. ಟಿಕೆಟ್ ಪುರಾತತ್ವ ಇಲಾಖೆಯ ಸ್ಮಾರಕಗಳಿಗಿಂತ ಜಾಸ್ತಿ, ಆದರೆ ಕೊಟ್ಟಿದ್ದಕ್ಕೆ ಮೋಸ ಇಲ್ಲ. ಕನಿಷ್ಠ ಎರಡೂವರೆ ಗಂಟೆ ಇಟ್ಟುಕೊಳ್ಳಿ. 1922ರಲ್ಲಿ ತೆರೆದ ಕಟ್ಟಡ. ದೊಡ್ಡ ಗುಮ್ಮಟದ ಕೆಳಗೆ ನಿಂತು ನೋಡಿದರೆ ಕಮಾನುಗಳು ಒಂದಕ್ಕೊಂದು ಹೆಣೆದುಕೊಂಡು ಮೇಲೆ ಹೋಗುವುದು ಕಾಣುತ್ತದೆ. ಆ ಕಮಾನುಗಳಿಗೆ ಪ್ರೇರಣೆ ನಮ್ಮ ವಿಜಯಪುರದ ಗೋಳಗುಮ್ಮಟ. ಗೋಳಗುಮ್ಮಟ ನೋಡಿದವರಿಗೆ ಯಾರೂ ಹೇಳಬೇಕಾಗಿಲ್ಲ, ನೋಡಿದ ಕೂಡಲೇ ಗೊತ್ತಾಗುತ್ತದೆ.

ನೀವು ತಪ್ಪಿಸಲೇಬಾರದ್ದು ಕೆಳ ಅಂತಸ್ತಿನ ಶಿಲ್ಪಗಳ ಗ್ಯಾಲರಿ. ಅಲ್ಲಿ ಐಹೊಳೆಯ ಗುಡಿಯೊಂದರ ಚಾವಣಿಯಿಂದ ಬಂದ ದೊಡ್ಡ ಕಲ್ಲಿನ ಹಲಗೆಗಳಿವೆ, ಬಾದಾಮಿ ಚಾಲುಕ್ಯರ ಕಾಲದ್ದು. ಒಂದರಲ್ಲಿ ಬ್ರಹ್ಮ, ಸುತ್ತ ಋಷಿಗಳು. ಒಂದರಲ್ಲಿ ಶೇಷನ ಮೇಲೆ ವಿಷ್ಣು. ಇನ್ನೊಂದರಲ್ಲಿ ಶಿವ ಪಾರ್ವತಿ. ಗುಡಿಯಲ್ಲಿ ಇವು ತಲೆಯ ಮೇಲೆ, ಕತ್ತಲಲ್ಲಿ ಇದ್ದಂಥವು. ಇಲ್ಲಿ ಕಣ್ಣಿನ ಎದುರಿಗೇ ಇವೆ, ಒಳ್ಳೆ ಬೆಳಕಿದೆ, ಕೈಬೆರಳು, ಹಾರ, ಜಟೆ ಎಲ್ಲ ಹತ್ತಿರದಿಂದ ನೋಡಬಹುದು. ನಾನು ಐಹೊಳೆಗೆ ಶಾಲೆಯ ಪ್ರವಾಸದಲ್ಲಿ ಹೋಗಿದ್ದೆ, ಆಗ ಮೇಷ್ಟ್ರು ಮೇಲೆ ಕೈ ತೋರಿಸಿ ಹೇಳುತ್ತಿದ್ದರು, ನಮಗೆ ಕತ್ತು ನೋವು ಬಂದಿದ್ದೇ ನೆನಪು. ಇಲ್ಲಿ ಆ ಬ್ರಹ್ಮನ ಮುಂದೆ ನಿಂತಾಗ ಕಣ್ಣು ತುಂಬಿ ಬಂತು. ಸಂತೋಷವೂ ಹೌದು, ಇದು ನಮ್ಮೂರಲ್ಲೇ ಇರಬೇಕಿತ್ತು ಅನ್ನುವ ಸಂಕಟವೂ ಹೌದು. ಇಷ್ಟು ಜೋಪಾನವಾಗಿ ಇಟ್ಟಿದ್ದಾರೆ ಅನ್ನುವ ಸಮಾಧಾನ ಇದೆ, ಆದರೆ ಬಾಗಲಕೋಟೆಯ ಮಕ್ಕಳು ಇದನ್ನು ನೋಡಲು ಮುಂಬೈವರೆಗೆ ಬರಬೇಕಲ್ಲ ಅನ್ನುವ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಕಡೇಪಕ್ಷ ಅದೇ ಅಳತೆಯ ಒಳ್ಳೆ ಪ್ರತಿಗಳನ್ನಾದರೂ ಮಾಡಿಸಿ ಐಹೊಳೆಯಲ್ಲಿ ಇಡಬೇಕು. ಇದು ನನ್ನ ಮನಸಾರೆ ಬೇಡಿಕೆ.

ಮೇಲಿನ ಅಂತಸ್ತುಗಳಲ್ಲಿ ಚಿಕ್ಕ ಅಳತೆಯ ಹಳೇ ವರ್ಣಚಿತ್ರಗಳು (ಮಿನಿಯೇಚರ್), ಟಾಟಾ ಮನೆತನದವರು ಕೊಟ್ಟ ಸಂಗ್ರಹ, ಆಯುಧಗಳು. ಇವರು ಆಯುಧಗಳ ಹತ್ತಿರ ನಿಂತರು, ನಾನು ಚಿತ್ರಗಳ ಹತ್ತಿರ. ನಡುನಡುವೆ ಬೆಂಚು ಸಿಕ್ಕಲ್ಲಿ ಕೂತು ಹೋಗಿ. ಶೌಚಾಲಯವೂ ಇಲ್ಲೇ ಮುಗಿಸಿಕೊಳ್ಳಿ, ಫೋರ್ಟ್ ರಸ್ತೆಗಳಲ್ಲಿ ಹೆಂಗಸರಿಗೆ ಅದು ಬೇಕೆಂದಾಗ ಸಿಗುವುದು ಕಷ್ಟ. ಯಾರೂ ಇದನ್ನು ಬರೆಯುವುದಿಲ್ಲ, ಅದಕ್ಕೇ ಬರೆದೆ.

ಮಧ್ಯಾಹ್ನ ಟ್ಯಾಕ್ಸಿ ಮಾಡಿಕೊಂಡು ಬಲ್ಲಾರ್ಡ್ ಎಸ್ಟೇಟ್‌ನ ಬ್ರಿಟಾನಿಯಾಗೆ ಹೋದೆವು. ಮೀಟರ್ ಹಾಕಿ ಅಂದರೆ ಹಾಕುತ್ತಾರೆ, ಹತ್ತುವ ಮುಂಚೆಯೇ ಹೇಳಿ. 1923ರ ಇರಾನಿ ಕೆಫೆ, ಪಾರ್ಸಿ ಊಟ. ಬೆರ್ರಿ ಪುಲಾವ್‌ಗೆ ಹೆಸರುವಾಸಿ, ತರಕಾರಿಯದ್ದೂ ಇದೆ. ಅನ್ನದ ಮೇಲೆ ಇರಾನಿನ ಸಣ್ಣ ಕೆಂಪು ಹುಳಿ ಹಣ್ಣು, ಹುರಿದ ಈರುಳ್ಳಿ. ಒಂದು ತುತ್ತಿನಲ್ಲಿ ಹುಳಿ, ಸಿಹಿ, ಮಸಾಲೆ ಮೂರೂ ಬರುತ್ತದೆ. ನಮ್ಮ ಪುಲಾವಿನ ಖಾರ ಹುಡುಕಬೇಡಿ, ಇದು ಬೇರೆ ಜನರ ಊಟ, ಅದರ ರುಚಿಯೇ ಬೇರೆ. ನನಗೆ ಇಷ್ಟವಾಯಿತು. ಇವರಿಗೆ ಪಲ್ಲೊಂಜಿ ಕಂಪನಿಯ ರಾಸ್‌ಬೆರಿ ಸೋಡಾ ಇನ್ನೂ ಜಾಸ್ತಿ ಇಷ್ಟವಾಯಿತು. ಕ್ಯಾರಮೆಲ್ ಕಸ್ಟರ್ಡ್ ಎಲ್ಲರೂ ತರಿಸುತ್ತಾರೆ, ಅದರಲ್ಲಿ ಮೊಟ್ಟೆ ಇರುತ್ತದೆ, ತಿನ್ನದವರು ನೋಡಿಕೊಳ್ಳಿ. ಮಾಟುಂಗಾದ ದರ ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿ. ಎತ್ತರದ ಸೂರು, ಹಳೇ ಕುರ್ಚಿಗಳು, ಗಲಾಟೆ ಇಲ್ಲದ ಬೀದಿ, ಬೆಳಿಗ್ಗೆಯಿಂದ ನಡೆದ ಕಾಲಿಗೆ ಒಂದು ಗಂಟೆ ಆರಾಮ.

ಗೇಟ್‌ವೇ ಆಫ್ ಇಂಡಿಯಾ ಬಗ್ಗೆ ಹೆಚ್ಚು ಬರೆಯುವುದಿಲ್ಲ. 1924ರಲ್ಲಿ ತೆರೆದ ಕಮಾನು, 1948ರ ಫೆಬ್ರವರಿಯಲ್ಲಿ ಬ್ರಿಟಿಷರ ಕೊನೇ ಸೈನ್ಯ ಇದರೊಳಗಿಂದಲೇ ಹೊರಟಿದ್ದು. ಅದು ನೆನಪಿಟ್ಟುಕೊಂಡು ಕೆಳಗೆ ನಿಂತರೆ ಮೈ ಜುಮ್ ಅನ್ನುತ್ತದೆ. ಬೆಳಿಗ್ಗೆಯ ಮ್ಯೂಸಿಯಂ, ಊಟ ಮಾಡಿದ ಬಲ್ಲಾರ್ಡ್ ಎಸ್ಟೇಟ್, ಈ ಗೇಟ್‌ವೇ ಮೂರರ ವಿನ್ಯಾಸವೂ ಜಾರ್ಜ್ ವಿಟ್ಟೆಟ್ ಒಬ್ಬರದ್ದೇ. ಆದರೆ ಜನ, ಬಿಸಿಲು, ಮೇಲೆ ಫೋಟೊ ತೆಗೆದು ಕೈಗೆ ಕೊಡುತ್ತೇವೆ ಅಂತ ಬೆನ್ನು ಹತ್ತುವವರು. ಬೇಡ ಅಂದರೂ ಬಿಡುವುದಿಲ್ಲ, ಒಂದು ಫೋಟೊಗೆ ಅಂತ ಮಾತಾಡಿ ಐದು ತೆಗೆದು ದುಡ್ಡು ಕೇಳುತ್ತಾರೆ. ಪಕ್ಕದ ಬೀದಿಯ ಒಂದು ಹೋಟೆಲಿನಲ್ಲಿ ಚಹಾಕ್ಕೆ ಕೂತರೆ ಬಿಲ್ಲಿನಲ್ಲಿ ನಾವು ಕೇಳದ ಬಿಸ್ಕತ್ತೂ ನೀರಿನ ಬಾಟಲಿಯೂ ಸೇರಿತ್ತು, ಕೇಳಿದ ಮೇಲೆ ತೆಗೆದರು. ಬಿಲ್ ಓದಿ ಕೊಡಿ. ಅರ್ಧ ಗಂಟೆ ಸಾಕು ಇಲ್ಲಿಗೆ.

ಸಂಜೆ ಐದರ ಹೊತ್ತಿಗೆ ಚರ್ಚ್‌ಗೇಟ್ ಕಡೆ ಬಂದು ಬ್ರೇಬೋರ್ನ್ ಸ್ಟೇಡಿಯಂ ಹತ್ತಿರದ ಕೆ. ರುಸ್ತುಂನಲ್ಲಿ ಐಸ್‌ಕ್ರೀಂ ತೆಗೆದುಕೊಂಡೆವು. ದಪ್ಪ ಐಸ್‌ಕ್ರೀಂ ಬಿಲ್ಲೆಯನ್ನು ಎರಡು ತೆಳು ಬಿಸ್ಕತ್ತಿನ ನಡುವೆ ಇಟ್ಟು ಕೊಡುತ್ತಾರೆ, ಚಮಚ ಇಲ್ಲ, ಕರಗುವ ಮುಂಚೆ ಕಚ್ಚಿ ಮುಗಿಸಬೇಕು. ಅಂಗಡಿ ನೋಡಿದರೆ ಏನೂ ಇಲ್ಲ ಅನ್ನಿಸುತ್ತದೆ, ಕೂರಲು ಜಾಗವೂ ಇಲ್ಲ. ಮಾವಿನದ್ದು ತಿನ್ನಿ. ಹಾಗೇ ನಡೆದರೆ ಮರೀನ್ ಡ್ರೈವ್. ಮೂರೂವರೆ ಕಿಲೋಮೀಟರ್ ಉದ್ದದ ದಂಡೆ, ಒಂದು ಪೈಸೆ ಖರ್ಚಿಲ್ಲ. ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತೆವು. ಸುತ್ತ ನಮ್ಮ ಹಾಗೇ ಎಷ್ಟೋ ಜೋಡಿಗಳು, ಕಾಲೇಜಿನವರು, ಅಜ್ಜ ಅಜ್ಜಿಯರು. ಯಾರೂ ಯಾರನ್ನೂ ನೋಡುವುದಿಲ್ಲ. ನಮ್ಮ ಊರಿನಲ್ಲಿ ಗಂಡ ಹೆಂಡತಿಯಾದರೂ ಹೀಗೆ ಪಕ್ಕಪಕ್ಕ ಗಂಟೆಗಟ್ಟಲೆ ಕೂರಲು ಜಾಗ ಎಲ್ಲಿದೆ ಹೇಳಿ? ಮನೆ, ಮಕ್ಕಳ ಫೀಸು, ಅತ್ತೆಯ ಮಂಡಿ ನೋವು ಎಲ್ಲ ಮಾತಾಡಿದೆವು, ಆಮೇಲೆ ಮಾತು ನಿಲ್ಲಿಸಿ ಸಮುದ್ರ ನೋಡಿದೆವು. ಚೌಪಾಟಿವರೆಗೆ ನಡೆದು ಭೇಲ್ ತಿನ್ನೋಣ ಅಂತ ಇವರು ಅಂದರು, ನಾನೇ ಬೇಡ ಅಂದೆ, ರಾತ್ರಿ ಊಟಕ್ಕೆ ಹೊಟ್ಟೆ ಖಾಲಿ ಇರಬೇಕಿತ್ತು.

ಚರ್ಚ್‌ಗೇಟ್‌ನಿಂದ ವೆಸ್ಟರ್ನ್ ಲೈನ್ ಸ್ಲೋ ಲೋಕಲ್ ಹಿಡಿದು ಮಾಟುಂಗಾ ರೋಡ್‌ನಲ್ಲಿ ಇಳಿಯಬೇಕು. ಗಾಡಿ ಹೊರಡುವುದೇ ಚರ್ಚ್‌ಗೇಟ್‌ನಿಂದ ಆದ್ದರಿಂದ ಸೀಟು ಸಿಗುತ್ತದೆ. ಅಲ್ಲಿಂದ ಝೆಡ್ ಬ್ರಿಜ್ ಅನ್ನುವ ಕಾಲು ಸೇತುವೆ ದಾಟಿದರೆ ಮತ್ತೆ ಮಾಟುಂಗಾ ಸ್ಟೇಷನ್ ಕಡೆ.

ಎ. ರಾಮ ನಾಯಕ್ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಸ್ಟೇಷನ್ ಹತ್ತಿರದ ಮಾರುಕಟ್ಟೆ ಕಟ್ಟಡದ ಮೊದಲ ಮಹಡಿ. 1942ರಲ್ಲಿ, ಯುದ್ಧದ ಕಾಲದಲ್ಲಿ ಶುರುವಾಗಿದ್ದು. ಕೆಳಗಿನಿಂದ ನೋಡಿದರೆ ಇಷ್ಟು ದೊಡ್ಡ ಹೆಸರಿನ ಜಾಗ ಅಂತ ಅನ್ನಿಸುವುದೇ ಇಲ್ಲ. ಮೊದಲು ದುಡ್ಡು ಕಟ್ಟಿ ಚೀಟಿ ತೆಗೆದುಕೊಳ್ಳಬೇಕು, ಬಾಳೆ ಎಲೆ ಊಟವೋ ತಟ್ಟೆ ಊಟವೋ ಅಂತ ಹೇಳಬೇಕು. ಎಲೆ ಊಟವನ್ನೇ ಹೇಳಿ, ಎಷ್ಟು ಬೇಕೋ ಅಷ್ಟು ಬಡಿಸುತ್ತಾರೆ. ಶನಿವಾರ ರಾತ್ರಿ ಆದ್ದರಿಂದ ಕಾದೆವು, ಕಾಯಲು ಬೆಂಚು ಇದೆ.

ಒಳಗೆ ಉದ್ದ ಸಾಲು, ಮೇಜು ಚೊಕ್ಕ, ನೆಲ ಒಣಗಿತ್ತು. ಅದನ್ನು ನಾನು ಮೊದಲು ನೋಡುತ್ತೇನೆ. ಎಲೆ ಹಾಕಿ ಉಪ್ಪು, ಉಪ್ಪಿನಕಾಯಿ, ಪಲ್ಯ, ಕಾಳಿನ ಪಲ್ಯ, ಹಪ್ಪಳ, ಬಿಸಿ ಪೂರಿ. ಆಮೇಲೆ ಅನ್ನಕ್ಕೆ ಸಾಂಬಾರು, ಸಾರು, ಕೊನೆಗೆ ಮೊಸರು. ಎಣ್ಣೆ ತೇಲುವುದಿಲ್ಲ, ಮಸಾಲೆ ಮೂಗಿಗೆ ಹೊಡೆಯುವುದಿಲ್ಲ, ತರಕಾರಿಯ ರುಚಿ ತರಕಾರಿಗೇ ಉಳಿದಿರುತ್ತದೆ. ಸಾರು ಮಾತ್ರ ನಾನು ಕೈಯಲ್ಲಿ ಹಿಡಿದು ಕುಡಿದೆ. ನಮ್ಮ ಕಡೆಯ ಸಾರಿಗಿಂತ ಒಂಚೂರು ಸಿಹಿ, ಕರಾವಳಿಯವರ ಕೈ ಅಲ್ವಾ. ಬಡಿಸುವವರು ಎಲೆ ಖಾಲಿ ಬಿಡುವುದಿಲ್ಲ. "ಅಮ್ಮಾ, ಇನ್ನು ಸ್ವಲ್ಪ ಅನ್ನ ಹಾಕ್ಲಾ? ಸಾರು?" ಅಂತ ಕೇಳಿ ಕೇಳಿ ಹಾಕುತ್ತಾರೆ. ಆದರೆ ಬಿಸಾಕುವುದು ಇಲ್ಲಿ ಸಲ್ಲದು, ಎಷ್ಟು ಬೇಕೋ ಅಷ್ಟೇ ಹಾಕಿಸಿಕೊಳ್ಳಿ. ಅಡುಗೆಮನೆಯನ್ನು ಊಟಕ್ಕೆ ಬಂದವರು ಯಾರು ಬೇಕಾದರೂ ನೋಡಬಹುದು. ನಾನು ಹೋಗಿ ನೋಡಿದೆ, ದೊಡ್ಡ ಪಾತ್ರೆಗಳು ಫಳಫಳ ಹೊಳೆಯುತ್ತಿದ್ದವು, ಕೆಲಸದವರು ಗಡಿಬಿಡಿ ಇಲ್ಲದೆ ಮಾಡುತ್ತಿದ್ದರು. ಬಾಗಿಲು ತೆರೆದಿಟ್ಟು ಅಡುಗೆ ಮಾಡುವ ಧೈರ್ಯ ಎಷ್ಟು ಹೋಟೆಲಿಗಿದೆ? ನಾನು ಈಚೆಗೆ ಹೊರಗೆ ಉಂಡಿದ್ದರಲ್ಲಿ ಇದೇ ಒಳ್ಳೆಯ ಊಟ. ದುಬಾರಿ ಜಾಗಗಳನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಇಬ್ಬರಿಗೂ ಸೇರಿ ಸಾವಿರದೊಳಗೆ ಮುಗಿಯಿತು.

ವಯಸ್ಸಾದವರನ್ನು ಕರೆದುಕೊಂಡು ಹೋಗುವುದಾದರೆ ಈ ಕ್ರಮ ಸ್ವಲ್ಪ ಬದಲಿಸಿ. ಸಿಎಸ್‌ಎಂಟಿಯಿಂದ ಮ್ಯೂಸಿಯಂವರೆಗೆ ನಡೆಯುವ ಬದಲು ಟ್ಯಾಕ್ಸಿ ಮಾಡಿ, ಗೇಟ್‌ವೇ ಬಿಟ್ಟುಬಿಡಿ, ಸಂಜೆ ಝೆಡ್ ಬ್ರಿಜ್ ಹತ್ತುವುದು ಬೇಡ, ಸಿಎಸ್‌ಎಂಟಿಗೇ ವಾಪಸ್ ಬಂದು ಸೆಂಟ್ರಲ್ ಲೈನಿನಲ್ಲಿ ಮಾಟುಂಗಾಕ್ಕೆ ಬನ್ನಿ. ರಾಮ ನಾಯಕರಲ್ಲಿಗೆ ಹೋಗಲು ಒಂದು ಮಹಡಿ ಮೆಟ್ಟಿಲಿದೆ, ಅದನ್ನು ಮಾತ್ರ ನಿಧಾನವಾಗಿಯಾದರೂ ಹತ್ತಿಸಿ. ನವೆಂಬರಿನಿಂದ ಫೆಬ್ರವರಿ ಒಳಗೆ ಹೋದರೆ ಬಿಸಿಲು, ಬೆವರು ಎರಡೂ ಕಡಿಮೆ. ಮಳೆಗಾಲದಲ್ಲಿ ಮರೀನ್ ಡ್ರೈವ್‌ನ ಅಲೆ ನೋಡಲು ಚೆಂದ ಅನ್ನುತ್ತಾರೆ, ಆದರೆ ಆಗ ಲೋಕಲ್ ಯಾವಾಗ ನಿಲ್ಲುತ್ತದೋ ಹೇಳಲಾಗದು, ಅದೇ ರಾತ್ರಿ ಊರಿಗೆ ಟ್ರೈನ್ ಇಟ್ಟುಕೊಳ್ಳಬೇಡಿ.